ತಂಗಿಯ ಮದುವೆಗೆ ದಾಳಿಂಬೆ ಆಕಾರದ ಕಿವಿಯೋಲೆ ಮಾಡಿಸಬೇಕು. ಯಾವ ಹರಳು ಹಾಕಿಸಲಿ? ದಾಳಿಂಬೆ ಅಂದರೆ ಬರೀ ‘ಮಕ್ಕಳಾಗಲಿ’ ಅನ್ನುವ ಅರ್ಥವೇ?

ಹರಳು ಗಾರ್ನೆಟ್ ಇರಲಿ, ಹಣ್ಣು ಬಿರಿದದ್ದಿರಲಿ. ಅರ್ಥದ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಬಾಗಲಕೋಟೆಯವಳು. ಮನೆಯಲ್ಲೇ ಬೆಳ್ಳಿ ತಂತಿ, ಹರಳು ಇಟ್ಟುಕೊಂಡು ಓಲೆ ಮಾಡುತ್ತೇನೆ. ನಮ್ಮ ಕಡೆ ದಾಳಿಂಬೆ ಹೊಲದ ಬೆಳೆ, ಹಾಗಾಗಿ ಕೇಳಿ ಬರುವವರೆಲ್ಲ ಹಣ್ಣು ಬಲ್ಲವರೇ. ಆದರೂ ಪತ್ತಾರರ ಹತ್ತಿರ ಹೋಗಿ ಬರೀ “ದಾಳಿಂಬ್ರಿ ಮಾಡ್ರಿ” ಅಂದರೆ ಒಂದು ಗುಂಡು ಮಾಡಿ, ತುದಿಗೆ ಕಿರೀಟ ಕೂರಿಸಿ ಕೊಡುತ್ತಾರೆ. ನಾಲ್ಕು ಹೆಜ್ಜೆ ದೂರ ನಿಂತು ನೋಡಿದರೆ ಅದು ಝುಮಕಿಯೇ. ಸಿಪ್ಪೆ ಸೀಳಿ ಕಾಳು ಇಣುಕಿದಾಗಲೇ ಅದು ದಾಳಿಂಬೆ. ದುಡ್ಡು ಹಾಕುವುದಿದ್ದರೆ ಆ ಕಾಳುಗಳಿಗೆ ಹಾಕಿ.

ಕಾಳಿಗೆ ನುಣ್ಣನೆಯ ದುಂಡು ಮಣಿ ಬೇಡ, ಮುಖ ಕತ್ತರಿಸಿದ್ದು ಕೇಳಿ. ಹಣ್ಣಿನೊಳಗೆ ಜಾಗ ಸಾಲದೆ ಕಾಳುಗಳು ಒಂದನ್ನೊಂದು ಒತ್ತಿ ಮುಖಮುಖವಾಗಿರುತ್ತವೆ. ಗ್ರಹಗಳ ಲೆಕ್ಕ ಹಾಕಿದ ಕೆಪ್ಲರ್ 1611ರಲ್ಲೇ ಇದರ ಬಗ್ಗೆ ಬರೆದಿದ್ದಾನೆ: ಹೀಗೆ ಒತ್ತಿಸಿಕೊಂಡ ಕಾಳು 12 ವಜ್ರಾಕೃತಿ ಮುಖಗಳ ಆಕಾರಕ್ಕೆ ಬರುತ್ತದೆ ಅಂತ. ಗಾರ್ನೆಟ್ ಹರಳು ಕಲ್ಲಿನೊಳಗೆ ಬೆಳೆಯುವಾಗ ಸಾಮಾನ್ಯವಾಗಿ ತಾಳುವ ಆಕಾರಗಳಲ್ಲೂ ಇದೇ 12 ಮುಖದ್ದು ಒಂದು! ಬರೀ ಬಣ್ಣ ನೋಡಿ ಈ ಹರಳು ಆರಿಸಿದವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಬಣ್ಣದಲ್ಲಿ ಎರಡು ದಾರಿ. ಭಗವಾ ತಳಿಯ ಕಡುಗೆಂಪು ಬೇಕಿದ್ದರೆ ಅಲ್ಮಂಡೈನ್ ಗಾರ್ನೆಟ್. ಗಣೇಶ್ ತಳಿಯ ಗುಲಾಬಿ ಕಾಳು ಬೇಕಿದ್ದರೆ ರೋಡೋಲೈಟ್ ಗಾರ್ನೆಟ್. ಅಲ್ಮಂಡೈನ್ ದಪ್ಪಗಿದ್ದರೆ ಕಲ್ಯಾಣ ಮಂಟಪದ ಬೆಳಕಿನಲ್ಲಿ ಕಪ್ಪಗೆ ಕಾಣುತ್ತದೆ, ಅದಕ್ಕೇ 3–4 ಮಿಲಿಮೀಟರ್ ಮೀರಬೇಡಿ. ತೂಕವೂ ಒಂದು ಕಾರಣ. ಗಾರ್ನೆಟ್ ನೀರಿಗಿಂತ ಸುಮಾರು 4 ಪಟ್ಟು ಭಾರ, ಗಾಜು ಎರಡೂವರೆ ಪಟ್ಟು. 4 ಮಿಲಿಮೀಟರಿನ 20 ಮಣಿ ಸೇರಿದರೆ ಒಂದೇ ಕಿವಿಗೆ ಸುಮಾರು ಎರಡೂವರೆ ಗ್ರಾಂ ಆಗುತ್ತದೆ, ಬೆಳ್ಳಿ ಬೇರೆ. ಮದುಮಗಳು ಇಡೀ ದಿನ ಹಾಕಿಕೊಂಡಿರಬೇಕಲ್ಲ. ಅಗ್ಗಕ್ಕೆ ಸಿಕ್ಕರೆ ಮಸೂರದಲ್ಲಿ ನೋಡಿ. ಒಳಗೆ ದುಂಡು ಗುಳ್ಳೆ ಕಂಡರೆ ಅದು ಗಾಜು.

ಮನೆಯ ಹಿರಿಯರು “ಇದು ರಾಹುವಿನ ಹರಳೇನ?” ಅಂತ ಕೇಳಿಯೇ ಕೇಳುತ್ತಾರೆ. ರಾಹುವಿನದು ಅನ್ನುವ ನವರತ್ನದ ಗೋಮೇದವೂ ಗಾರ್ನೆಟ್ ಕುಲದ್ದೇ ನಿಜ, ಆದರೆ ಅದು ಜೇನುಬಣ್ಣದ ಹೆಸ್ಸೊನೈಟ್. ಈ ಕೆಂಪು ಹರಳು ನವರತ್ನದಲ್ಲಿ ಇಲ್ಲ. ಜಾತಕ ತೆಗೆಯುವ ಮೊದಲೇ ಹೇಳಿಬಿಡಿ.

ಇನ್ನು ಅರ್ಥ. ಸಂತಾನದ ಅರ್ಥ ಹಳೆಯದು, ಬಹಳ ಕಡೆ ಇದೆ. ಆರ್ಮೇನಿಯಾದಲ್ಲಿ ಮದುಮಗಳು ದಾಳಿಂಬೆ ಎಸೆದು ಒಡೆಯುವ ಪದ್ಧತಿಯಿತ್ತು. ಚೆದುರಿದ ಕಾಳು ಮಕ್ಕಳ ಹಾರೈಕೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಯೆಹೂದಿಗಳ ಪ್ರಧಾನ ಯಾಜಕನ ನಿಲುವಂಗಿಯ ಅಂಚಿಗೆ ಚಿನ್ನದ ಗೆಜ್ಜೆ, ದಾಳಿಂಬೆ ಒಂದರ ಪಕ್ಕ ಒಂದು ಇರಬೇಕೆಂಬ ವಿಧಿಯಿತ್ತು. ನಮ್ಮ ಲಲಿತಾ ಸಹಸ್ರನಾಮದಲ್ಲಿ ದೇವಿ ‘ದಾಡಿಮೀಕುಸುಮಪ್ರಭಾ’. ಅಲ್ಲಿ ಹಣ್ಣಿನ ಮಾತಿಲ್ಲ, ಹೂವಿನ ಕೆಂಪಿನದೇ ಮಾತು.

ನನಗೆ ಹಿಡಿಸಿದ್ದು ಗ್ರೀಕರ ಕತೆ. ಪಾತಾಳದ ದೊರೆ ಹೊತ್ತೊಯ್ದ ಪರ್ಸೆಫೋನಿ ಅಲ್ಲಿ ದಾಳಿಂಬೆ ಕಾಳು ತಿಂದುಬಿಡುತ್ತಾಳೆ. ಅದಕ್ಕಾಗಿ ವರ್ಷದ ಒಂದು ಪಾಲು ಅಲ್ಲೇ ಇರಬೇಕು. ಉಳಿದ ತಿಂಗಳು ತಾಯಿ, ಬೆಳೆಯ ದೇವತೆ ದಿಮೀಟರ್ ಬಳಿಗೆ ಬರುತ್ತಾಳೆ. ಮಗಳು ಬಂದರೆ ಪೈರು ಚಿಗುರುತ್ತದೆ, ಹೋದರೆ ಭೂಮಿ ಬರಡು. ಪಂಚಮಿಗೆ ಮಗಳನ್ನು ಕರೆತರಲು ಅಣ್ಣನನ್ನು ಕಳಿಸುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊತ್ತೊಯ್ದ ಭಾಗ ಮದುವೆಮನೆಯಲ್ಲಿ ಬೇಡ, ಮರಳಿ ಬರುವ ಭಾಗವನ್ನಷ್ಟೇ ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿಡಿ. ಮಕ್ಕಳ ವಿಚಾರ ಕೇಳಲು ಊರೆಲ್ಲ ಇದೆ, ಅಣ್ಣನೂ ಕೇಳಬೇಕಾಗಿಲ್ಲ.

ಪತ್ತಾರರಿಗೆ ಎರಡು ಮಾತು ತಪ್ಪದೆ ಹೇಳಿ. ಗಿಡದಲ್ಲಿ ತೂಗುವ ಹಣ್ಣಿನ ಹಾಗೆ ಕಿರೀಟ ಕೆಳಮುಖವಾಗಿರಲಿ, ಮತ್ತು ಅದರ ತುದಿಗಳನ್ನು ಉಜ್ಜಿ ಮೊಂಡು ಮಾಡಲಿ. ಇಲ್ಲದಿದ್ದರೆ ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ ಸಿಕ್ಕಿ ಎಳೆ ಕೀಳುತ್ತದೆ. ತೊಳೆಯಲು ಉಗುರುಬೆಚ್ಚಗಿನ ಸೋಪು ನೀರು, ಮೆತ್ತನೆಯ ಬ್ರಶ್ ಸಾಕು. ಕುದಿನೀರು, ಹಬೆ ಬೇಡ, ದಿಢೀರ್ ಬಿಸಿಗೆ ಹರಳು ಬಿರುಕು ಬಿಡಬಹುದು.