ಮಗ ಎಲೆಕ್ಟ್ರಿಷಿಯನ್ ಆದರೆ ಜಿಐ ಬಿಲ್ ದಂಡವಾಗುತ್ತದಾ?

ನ್ಯೂಜೆರ್ಸಿಯಿಂದ ಒಬ್ಬ ತಾಯಿ ಬರೆದಿದ್ದಾರೆ: "ಮಗ ಅಮೆರಿಕದ ಸೇನೆಯಲ್ಲಿ ನಾಲ್ಕು ವರ್ಷ ಇದ್ದು ಬಂದಿದ್ದಾನೆ. ಸೇನೆಯಲ್ಲಿದ್ದು ಬಂದವರ ಓದಿಗೆ ನೆರವು ಕೊಡುವ ಕಾಯ್ದೆ ಜಿಐ ಬಿಲ್, ಅದರಲ್ಲಿ ಸರ್ಕಾರವೇ ಕಾಲೇಜು ಫೀಸು ಕಟ್ಟುತ್ತದೆ. ಆದರೂ ಕಾರ್ಮಿಕರ ಯೂನಿಯನ್‌ನವರ ಹತ್ತಿರ ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಆಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಮೊದಲ ವರ್ಷದ ಸಂಬಳ ಮನೆ ಬಾಡಿಗೆಗೂ ಸಾಲದು. ಜಿಐ ಬಿಲ್ ಕಾಲೇಜಿಗೆ ಮಾತ್ರ ಅಂತಾರೆ ಗೊತ್ತಿರುವವರು. ನಮ್ಮ ಯಜಮಾನರು ಇಂಜಿನಿಯರ್. ಡಿಗ್ರಿ ಬಿಟ್ಟು ವೈರ್ ಎಳೆಯೋಕೆ ಹೋಗ್ತಾನಲ್ಲ ಅಂತ ಮಗನ ಜತೆ ಮಾತೇ ಬಿಟ್ಟಿದ್ದಾರೆ. ನೀವಾದರೂ ಬುದ್ಧಿ ಹೇಳಿ."

ನಮಸ್ಕಾರ ಅಮ್ಮ,

ನಿಮಗೆ ಹೇಳಿದವರಿಗೆ ಅರ್ಧ ಮಾತ್ರ ಗೊತ್ತು. ಜಿಐ ಬಿಲ್ ಅಪ್ರೆಂಟಿಸ್‌ಗಳಿಗೂ ಇದೆ, ಕೆಲಸ ಮಾಡುತ್ತಲೇ ಕಲಿಯುವವರಿಗೂ ಇದೆ. ಇದು ಈಚೆಗೆ ಸೇರಿಸಿದ್ದೂ ಅಲ್ಲ. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಮೊದಲ ಕಾಯ್ದೆಯಲ್ಲೇ ಇತ್ತು. ಎರಡನೇ ಮಹಾಯುದ್ಧದಿಂದ ಬಂದ ಸುಮಾರು 78 ಲಕ್ಷ ಮಂದಿ ಅದರಿಂದ ಏನಾದರೊಂದು ಕಲಿತರು. ಅವರಲ್ಲಿ ಕಾಲೇಜಿಗೆ ಹೋದವರು ಸುಮಾರು 22 ಲಕ್ಷ ಅಷ್ಟೇ. ಉಳಿದವರು ಕಸುಬಿನ ಶಾಲೆಗಳಲ್ಲಿ, ಕೆಲಸದ ಜಾಗದಲ್ಲಿ, ಹೊಲದಲ್ಲಿ ಕಲಿತವರೇ ಜಾಸ್ತಿ.

ಈಗ ದುಡ್ಡಿನ ವಿಷಯ. ಅಪ್ರೆಂಟಿಸ್‌ಗೆ ಮಾಲೀಕ ಸಂಬಳ ಕೊಡುತ್ತಾನೆ. ಅದರ ಮೇಲೆ ಮಾಜಿ ಸೈನಿಕರ ಇಲಾಖೆ, ಅಂದರೆ ವಿಎ, ತಿಂಗಳು ತಿಂಗಳು ಮನೆ ಬಾಡಿಗೆ ಭತ್ಯೆಯನ್ನು ನೇರವಾಗಿ ನಿಮ್ಮ ಮಗನಿಗೇ ಕಳಿಸುತ್ತದೆ, ಅದಕ್ಕೆ ತೆರಿಗೆಯೂ ಇಲ್ಲ. ಕಂಪನಿ ಇರುವ ಊರಿನಲ್ಲಿ, ಸಂಸಾರ ಇರುವ ಸಾರ್ಜೆಂಟ್‌ಗೆ ಸೇನೆ ಎಷ್ಟು ಬಾಡಿಗೆ ಕೊಡುತ್ತದೋ ಅದೇ ಅಳತೆ. ಮೂರು ವರ್ಷಕ್ಕಿಂತ ಜಾಸ್ತಿ ಸೇವೆ ಮಾಡಿದ್ದಾನೆ, ಹಾಗಾಗಿ ಪೂರ್ತಿ ದರ ಸಿಗುತ್ತದೆ. ಪುಸ್ತಕ, ಸಾಮಾನಿಗೆ ಅಂತ ತಿಂಗಳಿಗೆ 83 ಡಾಲರ್‌ವರೆಗೆ ಬೇರೆ.

ಆದರೆ ಈ ಭತ್ಯೆ ಇಳಿಯುತ್ತಾ ಹೋಗುತ್ತದೆ. ಮೊದಲ ಆರು ತಿಂಗಳು ಪೂರ್ತಿ, ಮುಂದಿನ ಆರು ತಿಂಗಳು ಶೇ. 80, ಆಮೇಲೆ 60, 40, ಕೊನೆಗೆ ಶೇ. 20ಕ್ಕೆ ನಿಲ್ಲುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಭತ್ಯೆ 2,000 ಡಾಲರ್ ಅಂದುಕೊಳ್ಳಿ. ಒಂದೂವರೆ ವರ್ಷ ಕಳೆದಾಗ ಕೈಗೆ ಬರುವುದು 800. ಅಷ್ಟರಲ್ಲಿ ಸಂಬಳ ಏರಿರುತ್ತದೆ, ಕಲಿಯುವವರ ಕೂಲಿ ಹಂತ ಹಂತವಾಗಿ ಏರುವುದಕ್ಕೆ ಹೊಂದಿಸಿಯೇ ಇದನ್ನು ಮಾಡಿದ್ದಾರೆ. ಮೊದಲ ವರ್ಷದ ಬಾಡಿಗೆ ಬಗ್ಗೆ ನಿಮಗಿರುವ ಭಯಕ್ಕೆ ಉತ್ತರ ಇಲ್ಲೇ ಇದೆ. ಮೊದಲ ಆರು ತಿಂಗಳ ಚೆಕ್ ನೋಡಿ ಕಾರಿನ ಸಾಲ ಮಾತ್ರ ಮಾಡಬೇಡ ಅಂತ ಮಗನಿಗೆ ಹೇಳಿ.

ಒಂದು ಮಾತು ಮುಚ್ಚಿಡಲ್ಲ. ಸರ್ಕಾರದಿಂದ ಬರುವ ಮೊತ್ತವನ್ನಷ್ಟೇ ನೋಡಿದರೆ ಕಾಲೇಜಿಗೇ ಜಾಸ್ತಿ, ಯಾಕೆಂದರೆ ಅಲ್ಲಿ ಫೀಸೂ ಸೇರುತ್ತದೆ. ಯಜಮಾನರ ಲೆಕ್ಕ ಅಷ್ಟರಮಟ್ಟಿಗೆ ಸರಿ. ಆದರೆ ಇಷ್ಟವಿಲ್ಲದ ಹುಡುಗನನ್ನು ತಳ್ಳಿ ಕೂರಿಸಿದ ಡಿಗ್ರಿ ಎರಡನೇ ವರ್ಷಕ್ಕೇ ನಿಂತುಹೋದರೆ ಅಲ್ಲಿ ಕಳೆದ ಜಿಐ ಬಿಲ್‌ನ ತಿಂಗಳುಗಳು ನಿಜವಾಗಲೂ ದಂಡ. ಅಪ್ರೆಂಟಿಸ್‌ಗಾದರೆ ಮೊದಲ ದಿನದಿಂದ ಸಂಬಳ. ಎಲೆಕ್ಟ್ರಿಷಿಯನ್ ತರಬೇತಿ ಸಾಮಾನ್ಯವಾಗಿ ನಾಲ್ಕೈದು ವರ್ಷದ್ದು, ಸುಮಾರು 8,000 ಗಂಟೆ ಕೆಲಸ, ಜತೆಗೆ ತರಗತಿ. ಯೂನಿಯನ್‌ನವರ ಪ್ರವೇಶ ಪರೀಕ್ಷೆಯಲ್ಲೇ ಬೀಜಗಣಿತ ಕೇಳುತ್ತಾರೆ.

ಯಜಮಾನರಿಗೆ ಇದೊಂದನ್ನು ಓದಿ ಹೇಳಿ. ಗೋಡೆ ಮೇಲೆ ಆರು ಇಂಚು ಉಬ್ಬಿದ ತೊಲೆ ಅಡ್ಡ ಬಂದರೆ ವೈರ್ ಹೋಗುವ ಕಬ್ಬಿಣದ ಪೈಪನ್ನು ಅದರ ಮೇಲೆ ಹತ್ತಿಸಬೇಕು. ಹುಡುಗ ಪೈಪಿನ ಮೇಲೆ ಹನ್ನೆರಡು ಇಂಚು ಅಂತರದಲ್ಲಿ ಎರಡು ಗುರುತು ಹಾಕಿ, ಎರಡು ಕಡೆಯೂ 30 ಡಿಗ್ರಿ ಬಗ್ಗಿಸುತ್ತಾನೆ. ಹನ್ನೆರಡೇ ಯಾಕೆ ಅಂತ ಇಂಜಿನಿಯರಿಗೆ ಹೇಳಿಕೊಡಬೇಕಾಗಿಲ್ಲ, ಸೈನ್ 30 ಅಂದರೆ ಅರ್ಧ ಅಲ್ವಾ! ನಮ್ಮೂರಲ್ಲಿ ಐಟಿಐ ಹುಡುಗರನ್ನು 'ಓದು ಹತ್ತದವರು' ಅಂತ ಬದಿಗೆ ಸರಿಸಿದ್ದು ನಾವೇ. ಆ ಕಣ್ಣನ್ನು ಅಮೆರಿಕಕ್ಕೂ ಹೊತ್ತುಕೊಂಡು ಹೋದದ್ದು ನನಗೆ ನೋವಿನ ವಿಷಯ. ನಾಲ್ಕು ವರ್ಷ ಸಮವಸ್ತ್ರದಲ್ಲಿ ಇದ್ದು ಬಂದವನು ತನಗೇನು ಬೇಕು ಅಂತ ಬಾಯಿಬಿಟ್ಟು ಹೇಳುತ್ತಿದ್ದಾನೆ, ದಯವಿಟ್ಟು ಕೇಳಿಸಿಕೊಳ್ಳಿ.

ಎಡವುವುದು ಕಾಗದಪತ್ರದಲ್ಲಿ. ಆ ತರಬೇತಿಗೆ ರಾಜ್ಯದ ಅನುಮೋದನಾ ಸಂಸ್ಥೆಯ ಒಪ್ಪಿಗೆ ಇರಬೇಕು. ಯೂನಿಯನ್ ತರಬೇತಿಗಳಲ್ಲಿ ಬಹಳಷ್ಟಕ್ಕೆ ಇರುತ್ತದೆ, ಸಣ್ಣ ಕಂಪನಿಗಳಲ್ಲಿ ಮಾಲೀಕನಿಗೇ ಇದು ಗೊತ್ತಿರುವುದಿಲ್ಲ. ಸೇರುವ ಮುಂಚೆ ಎರಡೇ ಪ್ರಶ್ನೆ ಕೇಳಲಿ: ವಿಎ ಒಪ್ಪಿಗೆ ಇದೆಯಾ, ಪ್ರತಿ ತಿಂಗಳು ನನ್ನ ಗಂಟೆಗಳಿಗೆ ಸಹಿ ಹಾಕಿ ಕಳಿಸುವವರು ಯಾರು? ಆ ಸಹಿ ಹೋಗದಿದ್ದರೆ ದುಡ್ಡು ಬರಲ್ಲ. ತಿಂಗಳಿಗೆ 120 ಗಂಟೆ ಕೆಲಸ ಆಗಲೇಬೇಕು, ಕಮ್ಮಿಯಾದರೆ ಭತ್ಯೆಗೂ ಕತ್ತರಿ. ಕಟ್ಟಡದ ಕೆಲಸದಲ್ಲಿ ಒಂದು ಸೈಟು ಮುಗಿದು ಇನ್ನೊಂದು ಶುರುವಾಗುವ ತನಕ ಮನೆಯಲ್ಲಿ ಕೂರುವ ವಾರಗಳು ಇದ್ದೇ ಇರುತ್ತವೆ. ಅದಕ್ಕೆ ಅಂತ ಒಂದಿಷ್ಟು ದುಡ್ಡು ಎತ್ತಿಡಲಿ.

ಕಾಲೇಜಿನ ಬಾಗಿಲು ಮುಚ್ಚಿಹೋಗುತ್ತದೆ ಅನ್ನುವ ಭಯವೂ ಬೇಡ. ಜಿಐ ಬಿಲ್‌ನ ಒಟ್ಟು 36 ತಿಂಗಳ ಹಕ್ಕಿನಲ್ಲಿ ಬಳಸದೆ ಉಳಿದದ್ದು ಅವನ ಹೆಸರಲ್ಲೇ ಇರುತ್ತದೆ. 2013ರ ಜನವರಿ 1 ಮತ್ತು ಅದರ ನಂತರ ಸೇನೆ ಬಿಟ್ಟವರಿಗೆ 2017ರ ಕಾನೂನು ಅದನ್ನು ಬಳಸುವ ಗಡುವನ್ನೇ ತೆಗೆದುಹಾಕಿದೆ.

ಮಕ್ಕಳು ಇನ್ನೂ ಸೇನೆಯಲ್ಲೇ ಇರುವ ಬೇರೆ ಓದುಗರಿಗೆ ಒಂದು ಮಾತು: ಸ್ಕಿಲ್‌ಬ್ರಿಡ್ಜ್ ಅಂತ ಇದೆ. ಮೇಲಧಿಕಾರಿ ಒಪ್ಪಿದರೆ ಸೇವೆಯ ಕೊನೆಯ 180 ದಿನಗಳ ಒಳಗೆ, ಸೇನೆಯ ಸಂಬಳದಲ್ಲೇ ಹೊರಗಿನ ಕಂಪನಿಯಲ್ಲಿ ಕೆಲಸ ಕಲಿಯಬಹುದು.

ನಿಮ್ಮ ಮಗ ಈ ವಾರವೇ ಡಿಡಿ-214 ಬಿಡುಗಡೆ ಪತ್ರ ಹುಡುಕಿ ಇಟ್ಟುಕೊಳ್ಳಲಿ. ವಿಎ ಅರ್ಜಿಯ ನಂಬರ್ 22-1990, ಆನ್‌ಲೈನ್‌ನಲ್ಲೇ ತುಂಬಬಹುದು. ಯೂನಿಯನ್ ತರಬೇತಿ ಹುಡುಕಲು 'ಹೆಲ್ಮೆಟ್ಸ್ ಟು ಹಾರ್ಡ್‌ಹ್ಯಾಟ್ಸ್' ಅನ್ನುವ ಸಂಸ್ಥೆ ಮಾಜಿ ಸೈನಿಕರಿಗೆ ಸಹಾಯ ಮಾಡುತ್ತದೆ. ಪ್ರವೇಶ ಪರೀಕ್ಷೆಗೆ ಬೀಜಗಣಿತ ಮರೆತಿದ್ದರೆ ಹೇಳಿಕೊಡಲು ಮನೆಯಲ್ಲೇ ಒಬ್ಬರು ಇಂಜಿನಿಯರ್ ಇದ್ದಾರೆ, ಅವರನ್ನು ಕೇಳಲಿ.

— ಸಂಪಾದಕ