ಗಂಡಸರು ಪ್ರೊಜೆಸ್ಟೆರಾನ್ ತೆಗೆದುಕೊಂಡರೆ ಟೆಸ್ಟೋಸ್ಟೆರಾನ್ ಜಾಸ್ತಿ ಆಗುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ವಯಸ್ಸು 39. ಸುಸ್ತು, ನಿದ್ದೆ ಸರಿಯಿಲ್ಲ. ರಕ್ತದಲ್ಲಿ ಪ್ರೊಜೆಸ್ಟೆರಾನ್ (ಹೆಂಗಸರಲ್ಲಿ ಗರ್ಭ ಉಳಿಸುವ ಹಾರ್ಮೋನ್) 0.3 ಬಂದಿದೆ, ಅದು ಕಡಿಮೆ ಅಂತ ಯಾರೋ ಹೆದರಿಸಿದ್ದಾರೆ. ಇದರಿಂದಲೇ ದೇಹ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ ಅಂತ ಓದಿ ಕ್ರೀಮ್ ತರಿಸಿ ಇಟ್ಟುಕೊಂಡಿದ್ದೀರಿ. ಹಚ್ಚಬಹುದಾ ಅಂತ ಕೇಳ್ತಿದ್ದೀರಿ.

ಹಚ್ಚಬೇಡಿ. ನಾನು ಡಾಕ್ಟರ್ ಅಲ್ಲ, ಆದರೆ ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡವನು.

ಮೊದಲು ಆ 0.3 ವಿಚಾರ. ಗಂಡಸರಿಗೆ ಪ್ರೊಜೆಸ್ಟೆರಾನ್ ಅಷ್ಟೇ ಇರುವುದು. ಅಡ್ರಿನಲ್ ಗ್ರಂಥಿ ಮತ್ತು ವೃಷಣ ಸ್ವಲ್ಪ ಸ್ವಲ್ಪ ಮಾಡುತ್ತವೆ, ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತದಲ್ಲಿ 1 ನ್ಯಾನೋಗ್ರಾಂ ಕೂಡ ದಾಟುವುದಿಲ್ಲ. ಹೆಂಗಸರಲ್ಲಿ ಅಂಡಾಣು ಬಿಡುಗಡೆಯಾದ ಮೇಲೆ ಅದು ಹತ್ತು, ಇಪ್ಪತ್ತರವರೆಗೆ ಏರುತ್ತದೆ, ಗರ್ಭದ ಕೊನೆಯ ತಿಂಗಳುಗಳಲ್ಲಿ ನೂರನ್ನೂ ದಾಟುತ್ತದೆ. ಆ ಲೆಕ್ಕದ ಪಕ್ಕ ಇಟ್ಟು ನೋಡಿದರೆ ನಿಮ್ಮದು ಏನೂ ಇಲ್ಲ ಅನ್ನಿಸುವುದು ಸಹಜ. ಗಂಡಸರಲ್ಲಿ ಇದು ತೀರಾ ಜಾಸ್ತಿ ಬಂದರೆ ಡಾಕ್ಟರ್ ತಲೆ ಕೆಡಿಸಿಕೊಳ್ಳುತ್ತಾರೆ, ಅಡ್ರಿನಲ್‌ನ ಹುಟ್ಟು ತೊಂದರೆ ಏನಾದರೂ ಇದೆಯಾ ಅಂತ ನೋಡುತ್ತಾರೆ. 0.3ಕ್ಕೆ ಯಾರೂ ಚಿಕಿತ್ಸೆ ಕೊಡುವುದಿಲ್ಲ.

ಇನ್ನು ನನ್ನ ಕಥೆ. ಗರ್ಭ ನಿಲ್ಲಲಿ ಅಂತ ನನ್ನ ಹೆಂಡತಿಗೆ 200 ಮಿಲಿಗ್ರಾಂ ಪ್ರೊಜೆಸ್ಟೆರಾನ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ಮೆತ್ತಗೆ, ಹಿಸುಕಿದರೆ ಒಳಗಿನ ಎಣ್ಣೆ ಬೆರಳಿಗೆ ಗೊತ್ತಾಗುವಂಥದ್ದು. ರಾತ್ರಿ ನುಂಗಿದ ಒಂದು ಗಂಟೆಯೊಳಗೆ ಅವಳು ಕೂತಲ್ಲೇ ತೂಕಡಿಸುತ್ತಿದ್ದಳು. ನನಗೆ ಆಗ ಮೂರು ಗಂಟೆಗೆ ಎಚ್ಚರವಾಗಿ ಬೆಳಗಿನವರೆಗೆ ಸೀಲಿಂಗ್ ನೋಡುವ ಕಾಲ. ಅವಳ ಕೋರ್ಸ್ ಮುಗಿದು ಡ್ರಾಯರ್‌ನಲ್ಲಿ ಅರ್ಧ ಸ್ಟ್ರಿಪ್ ಉಳಿದಿತ್ತು. ಒಂದು ರಾತ್ರಿ ಸುಮ್ನೆ ಒಂದು ನುಂಗಿದೆ. ಸತ್ತ ಹಾಗೆ ನಿದ್ದೆ ಬಂತು. ಆಮೇಲೆ ಬಿಡಲಾಗಲಿಲ್ಲ, ಉಳಿದಿದ್ದು ಖಾಲಿಯಾದ ಮೇಲೆ ಅವಳ ಹಳೆಯ ಚೀಟಿ ತೋರಿಸಿ ಮತ್ತೆ ತಂದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಆ ನಿದ್ದೆ ಸುಳ್ಳಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಪ್ರೊಜೆಸ್ಟೆರಾನ್ ಒಡೆದು ಅಲೋಪ್ರೆಗ್ನನೊಲೋನ್ ಅಂತ ಒಂದು ವಸ್ತು ಆಗುತ್ತದೆ, ಅದು ಮೆದುಳಿನಲ್ಲಿ ಗಾಬಾ ಅನ್ನುವ ಜಾಗಕ್ಕೆ ಹೋಗಿ ಕೂರುತ್ತದೆ. ಎಷ್ಟೋ ನಿದ್ದೆ ಮಾತ್ರೆಗಳು ಹೋಗುವುದೂ ಅಲ್ಲಿಗೇ. 2019ರಲ್ಲಿ ಅಮೆರಿಕದಲ್ಲಿ ಬಾಣಂತಿಯರ ಖಿನ್ನತೆಗೆ ಇದೇ ವಸ್ತುವನ್ನು ಔಷಧಿಯಾಗಿ ಒಪ್ಪಿದರು. ಅಂದರೆ ನಾನು ನುಂಗುತ್ತಿದ್ದದ್ದು ಒಂದು ರೀತಿಯ ನಿದ್ದೆ ಗುಳಿಗೆ. ಬೆಳಿಗ್ಗೆ ಹತ್ತರವರೆಗೂ ತಲೆಯೊಳಗೆ ಹತ್ತಿ ತುರುಕಿದ ಹಾಗೆ ಇರುತ್ತಿತ್ತು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಇನ್ನೊಂದು ವಿಷಯ ಗಮನಕ್ಕೆ ಬಂತು. ಆಸೆಯೇ ಇಲ್ಲ. ಬೆಳಿಗ್ಗೆ ಏಳುವಾಗ ಗಂಡಸರಿಗೆ ತಾನಾಗಿ ಆಗುವುದೂ ನಿಂತಿತ್ತು. ಟೆಸ್ಟ್ ಮಾಡಿಸಿದೆ. ಹಿಂದಿನ ವರ್ಷ 430 ಇದ್ದ ಟೆಸ್ಟೋಸ್ಟೆರಾನ್ 240ಕ್ಕೆ ಬಂದಿತ್ತು. ಹಾರ್ಮೋನ್ ಡಾಕ್ಟರ್ ಅದರ ಮೇಲೆ ಕಣ್ಣಾಡಿಸಿ ಕೆಳಗಿನ ಸಾಲಿಗೆ ಬೆರಳಿಟ್ಟರು. ಎಲ್‌ಎಚ್ 1.1. ಟೆಸ್ಟೋಸ್ಟೆರಾನ್ ಮಾಡು ಅಂತ ವೃಷಣಕ್ಕೆ ಹೇಳುವ ಹಾರ್ಮೋನ್ ಅದು, ನನಗೆ ಕಡಿಮೆ ಇತ್ತು. 'ಏನು ತಗೊಳ್ತಿದ್ದೀರಿ, ಹೇಳಿ' ಅಂದರು. ಹೇಳಿದೆ. ನಗಲಿಲ್ಲ, ಬೈಯಲೂ ಇಲ್ಲ. 'ಪೂರ್ತಿ ಇದರಿಂದಲೇ ಅಂತ ಹೇಳೋಕಾಗಲ್ಲ, ಮೊದಲು ಅದನ್ನ ನಿಲ್ಲಿಸಿ' ಅಂದರು.

ನೀವು ಓದಿದ ಮಾತಿನಲ್ಲಿ ಅರ್ಧ ಸತ್ಯ ಇದೆ. ಕೊಲೆಸ್ಟ್ರಾಲ್‌ನಿಂದ ಟೆಸ್ಟೋಸ್ಟೆರಾನ್ ಆಗುವ ದಾರಿಗಳಲ್ಲಿ ಒಂದು ಪ್ರೊಜೆಸ್ಟೆರಾನ್ ಮೂಲಕ ಹೋಗುತ್ತದೆ. ಆದರೆ ಆ ಕೆಲಸ ನಡೆಯುವುದು ವೃಷಣದ ಲೇಡಿಗ್ ಕೋಶಗಳ ಒಳಗೆ, ಅದೂ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಕಳಿಸಿ 'ಮಾಡು' ಅಂದಾಗ. ಹೊರಗಿನಿಂದ ಪ್ರೊಜೆಸ್ಟೆರಾನ್ ಜಾಸ್ತಿಯಾದರೆ ಮೆದುಳು ಆ ಅಪ್ಪಣೆಯನ್ನೇ ಕಡಿಮೆ ಮಾಡುತ್ತದೆ. ಅಂಗಳದ ತುಂಬ ಇಟ್ಟಿಗೆ ಸುರಿಸಿ ಮೇಸ್ತ್ರಿಯನ್ನು ಮನೆಗೆ ಕಳಿಸಿದ ಹಾಗೆ. ಇಟ್ಟಿಗೆ ಇದೆ, ಗೋಡೆ ಏಳುವುದಿಲ್ಲ.

ಇದು ನನ್ನೊಬ್ಬನ ಅನುಭವದ ಮಾತಲ್ಲ, ಇದೇ ಗುಣವನ್ನು ವೈದ್ಯರು ಬೇಕೆಂದೇ ಬಳಸುತ್ತಾರೆ. ಸೈಪ್ರೊಟೆರೋನ್ ಅನ್ನುವ ಪ್ರೊಜೆಸ್ಟೆರಾನ್ ಜಾತಿಯ ಔಷಧಿಯನ್ನು ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕೊಡುತ್ತಾರೆ, ಗಂಡು ಹಾರ್ಮೋನ್ ಇಳಿಸುವುದಕ್ಕೇ. 2018ರಲ್ಲಿ ಶುರುವಾದ ಗಂಡಸರ ಗರ್ಭನಿರೋಧಕ ಜೆಲ್ ಪ್ರಯೋಗದಲ್ಲಿ ಇರುವುದೂ ಇದೇ ಜಾತಿಯ ನೆಸ್ಟೊರೋನ್. ಅದು ಎಲ್‌ಎಚ್, ವೀರ್ಯಾಣು ತಯಾರಿಗೆ ಬೇಕಾದ ಎಫ್‌ಎಸ್‌ಎಚ್ ಎರಡನ್ನೂ ಅದುಮಿ ವೀರ್ಯಾಣು ತಯಾರಾಗುವುದನ್ನು ನಿಲ್ಲಿಸುತ್ತದೆ. ಜೊತೆಗೆ ಸ್ವಂತ ಟೆಸ್ಟೋಸ್ಟೆರಾನ್ ಕೂಡ ಕುಸಿಯುವುದರಿಂದ ಅದೇ ಜೆಲ್‌ಗೆ ಟೆಸ್ಟೋಸ್ಟೆರಾನ್ ಬೆರೆಸಲೇಬೇಕಾಯಿತು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಬೇಕಾ?

'ಪ್ರೊಜೆಸ್ಟೆರಾನ್ ಈಸ್ಟ್ರೋಜನ್ ಅನ್ನು ಸಮ ಮಾಡುತ್ತದೆ' ಅಂತಲೂ ಹೇಳುತ್ತಾರೆ. ಆ ಮಾತು ಹುಟ್ಟಿದ್ದು ಗರ್ಭಕೋಶದ ಒಳಪದರದ ವಿಚಾರದಲ್ಲಿ, ಅದು ಅತಿಯಾಗಿ ಬೆಳೆಯದಂತೆ ಪ್ರೊಜೆಸ್ಟೆರಾನ್ ತಡೆಯುತ್ತದೆ. ನಮಗೆ ಆ ಪದರವೇ ಇಲ್ಲ.

ಹಾಗಂತ ಗಂಡಸಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂದುಕೊಳ್ಳಬೇಡಿ. ನನಗೆ ತುಂಬ ಇಷ್ಟವಾದ ಸಂಗತಿ ಇದು. ಅಂಡಾಣುವಿನ ಸುತ್ತ ಇರುವ ಕೋಶಗಳು ಪ್ರೊಜೆಸ್ಟೆರಾನ್ ಸುರಿಸುತ್ತಿರುತ್ತವೆ. ವೀರ್ಯಾಣು ಹತ್ತಿರ ಬಂದಾಗ ಅದು ತಾಗಿ ಬಾಲದಲ್ಲಿರುವ ಕ್ಯಾಟ್‌ಸ್ಪರ್ ಅನ್ನುವ ಬಾಗಿಲು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅಲ್ಲಿಯವರೆಗೆ ಮೆಲ್ಲಗೆ ಈಜುತ್ತಿದ್ದದ್ದು ಚಾಟಿ ಬೀಸಿದ ಹಾಗೆ ಬಾಲ ಬಡಿಯತೊಡಗುತ್ತದೆ. ಆ ರಭಸ ಇಲ್ಲದಿದ್ದರೆ ಅಂಡಾಣುವಿನ ಹೊರಪದರ ಭೇದಿಸಲು ಆಗುವುದಿಲ್ಲ. ಈ ಬಾಗಿಲಿನ ಗುಟ್ಟು ಗೊತ್ತಾದದ್ದು 2011ರಲ್ಲಿ. ಆದರೆ ಅದೆಲ್ಲ ನಡೆಯುವುದು ಹೆಂಗಸಿನ ದೇಹದೊಳಗೆ, ಕೊನೆಯ ಗಳಿಗೆಯಲ್ಲಿ. ನೀವು ಹಚ್ಚುವ ಕ್ರೀಮ್ ಆ ಕೆಲಸ ಮಾಡುವುದಿಲ್ಲ, ಉಲ್ಟಾ ಜಾಸ್ತಿಯಾದರೆ ವೀರ್ಯಾಣು ತಯಾರಿಯನ್ನೇ ತಗ್ಗಿಸಬಹುದು.

ನಾನು ನಿಲ್ಲಿಸಿದ ಮೇಲೆ ಒಂದು ವಾರ ನಿದ್ದೆ ಕೆಟ್ಟಿತು. ಎರಡು ತಿಂಗಳಿಗೆ ಟೆಸ್ಟೋಸ್ಟೆರಾನ್ 390 ಆಯಿತು. ಆಸೆ ಅದಕ್ಕಿಂತ ಮೊದಲೇ ವಾಪಸ್ ಬಂದಿತ್ತು. ಮೂರು ಗಂಟೆಯ ಎಚ್ಚರಕ್ಕೆ ಕಾರಣ ಹುಡುಕಿದಾಗ ಸಿಕ್ಕಿದ್ದು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತಂತೆ. ಅದೂ ಟೆಸ್ಟೋಸ್ಟೆರಾನ್ ಇಳಿಸಬಹುದಾದ ತೊಂದರೆಯೇ. ನಿಮ್ಮ ಪಕ್ಕ ಮಲಗುವವರನ್ನು ಇದೊಂದು ಕೇಳಿ ನೋಡಿ.

ಟೆಸ್ಟ್ ಮಾಡಿಸುವುದಾದರೆ ಬೆಳಿಗ್ಗೆ ಹತ್ತರ ಒಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ಟೆಸ್ಟೋಸ್ಟೆರಾನ್ ಮಾಡಿಸಿ. ಜೊತೆಗೆ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಥೈರಾಯ್ಡ್. ಕ್ರೀಮ್ ಈಗಾಗಲೇ ಕೆಲವು ದಿನ ಹಚ್ಚಿದ್ದರೆ ಗಾಬರಿ ಬೇಡ, ನಿಲ್ಲಿಸಿ, ಆದರೆ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಮಗುವಿಗೆ ಪ್ರಯತ್ನ ಮಾಡುತ್ತಿದ್ದರೆ ಅದನ್ನೂ ಹೇಳಿ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ವೀರ್ಯ ಪರೀಕ್ಷೆ ಯಾವಾಗ ಮಾಡಿಸಬೇಕು ಅನ್ನುವುದನ್ನು ಅವರು ಅದನ್ನು ನೋಡಿಕೊಂಡೇ ಹೇಳುತ್ತಾರೆ.