ಹಾಡು ಮುಗಿದ ಮೇಲೆ ಹೋಗಿ ಮಾತಾಡಿಸಬಹುದಾ?

ಮೂವತ್ತು ಜನರ ಚಿಕ್ಕ ಕಾರ್ಯಕ್ರಮದಲ್ಲಿ, ತಾವೇ ಹಾಡು ಬರೆದು ಹಾಡುವವರನ್ನು ಆಮೇಲೆ ಮಾತಾಡಿಸಿದರೆ ತಪ್ಪಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಮಾತಾಡಿಸಿ. ಇಂಥ ಕಡೆ ಹೆಚ್ಚಾಗಿ ಅವರೇ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಸಿಡಿ ಮಾರುತ್ತಾ ನಿಂತಿರುತ್ತಾರೆ. ಗಿಟಾರ್ ಪೆಟ್ಟಿಗೆ ಸೇರುವವರೆಗೆ ಕಾಯಿರಿ, ಅಷ್ಟೇ.

ಸುಮ್ನೆ 'ಚೆನ್ನಾಗಿತ್ತು' ಅನ್ನುವ ಬದಲು, ಮನಸ್ಸಿಗೆ ನಾಟಿದ ಒಂದು ಸಾಲನ್ನೋ ಒಂದು ಸ್ವರವನ್ನೋ ಹಿಡಿದು ಕೇಳಿ. ಒಬ್ಬರನ್ನು ನಾನು ಹಾಗೇ ಕೇಳಿದ್ದೆ, ಆ ಕೊನೆಯ ಹಾಡಿಗೆ ಮುಂಚೆ ತಂತಿ ಯಾಕೆ ಸಡಿಲ ಮಾಡಿದಿರಿ ಅಂತ. ಅವರು ಗಿಟಾರ್ ಮತ್ತೆ ಹೊರಗೆ ತೆಗೆದರು. ದಪ್ಪ ತಂತಿಯನ್ನು ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸಿ, ಹೆಬ್ಬೆರಳಲ್ಲಿ ಒಮ್ಮೆ ಮೀಟಿದರು. ಆ ಗುಂಯ್ ಅನ್ನುವ ನಾದ ಇನ್ನೂ ಕಿವಿಯಲ್ಲಿದೆ.

ಆಲ್ಬಂ ಇಷ್ಟವಾದರೆ ಅಲ್ಲೇ ಕೊಳ್ಳಿ. ಸ್ಟ್ರೀಮಿಂಗ್‌ನಲ್ಲಿ ಒಂದು ಸಲ ಕೇಳಿದರೆ ಅವರಿಗೆ ಸಿಗುವುದು ಪುಡಿಗಾಸು. ಕಾರ್ಯಕ್ರಮದಲ್ಲಿ ಸಿಗದಿದ್ದರೆ, ಕಲಾವಿದರು ತಮ್ಮ ಹಾಡುಗಳನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣ ನೋಡಿ. ಡಿಜಿಟಲ್ ಆಲ್ಬಂಗೆ ಅದು ಸಾಮಾನ್ಯವಾಗಿ ಶೇ 15ರಷ್ಟು, ಜೊತೆಗೆ ಪಾವತಿ ಶುಲ್ಕ ಹಿಡಿದುಕೊಳ್ಳುತ್ತದೆ. ಉಳಿದದ್ದು ಹಾಡಿದವರಿಗೇ ಹೋಗುತ್ತದೆ.

ಫೋಟೋ ಬೇಕಿದ್ದರೆ ಕೇಳಿಯೇ ತೆಗೆಯಿರಿ. ಹಿಂದೆ ಜನ ಜಾಸ್ತಿ ಇದ್ದರೆ ಎರಡು ನಿಮಿಷಕ್ಕೆ ಮುಗಿಸಿ, ಅವರಿಗೂ ಆಸೆ ಇರುತ್ತೆ ಅಲ್ವಾ?